ಕಂಡದ್ದು ಏಡಿ ನೀಹಾರಿಕೆಯೇ ಹೌದೆ?

ನನ್ನ ವೀಕ್ಷಣೆಯ ಪುಸ್ತಕದಲ್ಲಿ "ಎಂ1 ಕಂಡೆ" ಎಂಬ ಸಾಲು ಎರಡು ಕಡೆ ಇದೆ. ಎಂ1 ಎಂದರೆ ಏಡಿ ನೀಹಾರಿಕೆ, ಆಕಾಶದಲ್ಲಿ ಹರಡಿಕೊಂಡ ಅನಿಲದ ಮೋಡ. ಮೊದಲನೆಯದರ ಮೇಲೆ ಗೆರೆ ಎಳೆದಿದ್ದೇನೆ. ಓದಲು ಬರಲಿ ಎಂದೇ ಒಂದೇ ಗೆರೆ. ಆ ಸಾಲು ಬರೆದದ್ದು ಡಿಸೆಂಬರ್‌ನಲ್ಲಿ, ಎರಡನೆಯದು ಫೆಬ್ರುವರಿಯಲ್ಲಿ. ನಾನು ಹೇಳಬೇಕೆಂದಿರುವುದು ಆ ಎರಡು ತಿಂಗಳ ಕಥೆ. ನೀಹಾರಿಕೆ ಎಲ್ಲಿದೆ ಎಂದು ನಕ್ಷೆ ತೋರಿಸುತ್ತದೆ. ಆದರೆ ಕಣ್ಣಿಗೆ ಬಿದ್ದದ್ದು ಅದೇ ಹೌದೋ ಅಲ್ಲವೋ ಎಂದು ತಿಳಿಯುವುದನ್ನು ನಾನು ತಪ್ಪು ಮಾಡಿಯೇ ಕಲಿಯಬೇಕಾಯಿತು.

ಅಲ್ಲಿಯವರೆಗೆ ನಾನು ನೋಡಿದ್ದ ಒಂದೇ ನೀಹಾರಿಕೆ ಮಹಾವ್ಯಾಧನದು. ಬೇಟೆಗಾರನ ಸೊಂಟಪಟ್ಟಿಯ ಕೆಳಗೆ ತೂಗುವ ಕತ್ತಿಯ ನಡುವೆ ಅದು ಬರಿಗಣ್ಣಿಗೂ ಮಂಜಿನ ಹನಿಯಂತೆ ಕಾಣುತ್ತದೆ. ಬೈನಾಕ್ಯುಲರ್ ಹಿಡಿದರೆ ಸಾಕು, ಹುಡುಕುವ ಮಾತೇ ಇಲ್ಲ. ಅದು ನಕ್ಷತ್ರಗಳು ಹುಟ್ಟುವ ಜಾಗ. ಹಾಗಾದರೆ ಸತ್ತ ನಕ್ಷತ್ರವನ್ನೂ ನೋಡಬೇಕು ಅನ್ನಿಸಿತು. ಆಕಾಶದ ಮಸುಕು ಕಾಯಗಳನ್ನು ಎಣಿಸಿಟ್ಟ ಮೆಸ್ಸಿಯೆ ಪಟ್ಟಿಯ ಮೊದಲನೆಯ ಕಾಯವೇ ಅಂಥದ್ದು. ವೃಷಭ ರಾಶಿಯಲ್ಲಿರುವ ಎಂ1, ಅಂದರೆ ಏಡಿ ನೀಹಾರಿಕೆ. ಕಾಂತಿಮಾನ 8.4 (ಈ ಅಂಕಿ ಹೆಚ್ಚಿದಷ್ಟೂ ಕಾಯ ಮಸುಕು). ಅಂಕಿ ನೋಡಿ ನನಗೆ ಧೈರ್ಯ ಬಂತು. ನನ್ನ ಆರು ಇಂಚಿನ ದೂರದರ್ಶಕದಲ್ಲಿ ಅದಕ್ಕಿಂತ ಎಷ್ಟೋ ಮಸುಕಾದ ನಕ್ಷತ್ರಗಳು ಸಲೀಸಾಗಿ ಕಾಣುತ್ತಿದ್ದವು. ಆದರೆ ನಕ್ಷತ್ರದ ಬೆಳಕೆಲ್ಲ ಒಂದು ಚುಕ್ಕಿಯಲ್ಲಿ ಕೂಡಿರುತ್ತದೆ. ನೀಹಾರಿಕೆಯ 8.4 ಎಂದರೆ ಅಷ್ಟೇ ಬೆಳಕನ್ನು ತೆಳುವಾಗಿ ಬಳಿದ ಹಾಗೆ. ಈ ವ್ಯತ್ಯಾಸ ಆಗ ನನಗೆ ಹೊಳೆದಿರಲಿಲ್ಲ.

ದಾರಿಯೇನೋ ಸುಲಭವೇ. ಮಹಾವ್ಯಾಧನ ಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ವಾಯವ್ಯದ ಕಡೆಗೆ ಎಳೆದರೆ ಕೆಂಪು ಛಾಯೆಯ ರೋಹಿಣಿ ಸಿಗುತ್ತದೆ. ರೋಹಿಣಿಯೂ ಸೇರಿ ಕಾಣುವ ನಕ್ಷತ್ರಗಳ ಗುಂಪಿಗೆ ಇಂಗ್ಲಿಷಿನ ವಿ ಅಕ್ಷರದ ಆಕಾರ. ಅದು ಗೂಳಿಯ ಮುಖ. ಆ ಎರಡು ತೋಳುಗಳನ್ನು ಉದ್ದಕ್ಕೆ ಚಾಚಿದರೆ ಎರಡು ಕೊಂಬು. ಉತ್ತರದ ಕೊಂಬಿನ ತುದಿ ಎಲ್ನಾತ್, ಮಹಾವ್ಯಾಧನ ಕಡೆಯ ಕೊಂಬಿನ ತುದಿ ಜೀಟಾ ಟೌರಿ. ಈ ಜೀಟಾದಿಂದ ವಾಯವ್ಯಕ್ಕೆ, ಒಂದು ಡಿಗ್ರಿಗಿಂತ ಸ್ವಲ್ಪ ಆಚೆ, ಎಂ1 ಇದೆ. ಒಂದು ಡಿಗ್ರಿ ಎಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು.

ನನ್ನ ದೂರದರ್ಶಕದ ನಾಭಿದೂರ 1200 ಮಿಲಿಮೀಟರ್. 25 ಮಿಲಿಮೀಟರಿನ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ 48 ಪಟ್ಟು ವರ್ಧನೆ, ಒಂದು ಡಿಗ್ರಿಗೆ ತುಸು ಹೆಚ್ಚು ಅಗಲದ ನೋಟ. ಹಾಗಾಗಿ ಜೀಟಾವನ್ನು ಸರಿಯಾದ ಅಂಚಿಗೆ ತಂದು, ಅದು ಹೊರಗೆ ಜಾರುವಷ್ಟು ಮಾತ್ರ ಕೊಳವೆಯನ್ನು ಸರಿಸಿದರೆ ಎದುರಿನ ಅಂಚಿನಿಂದ ನೀಹಾರಿಕೆ ಒಳಗೆ ಬರಬೇಕು. ಸರಿಯಾದ ಅಂಚು ಯಾವುದು ಎಂಬಲ್ಲಿಯೇ ನಾನು ಎಡವಿದ್ದು.

ಆ ರಾತ್ರಿ ಚಂದ್ರನಿರಲಿಲ್ಲ. ಬೀದಿದೀಪಗಳಿಂದ ದೂರದ ಒಂದು ಬಯಲಿನಲ್ಲಿ ದೂರದರ್ಶಕ ನಿಲ್ಲಿಸಿದ್ದೆ. ಗುರಿ ಹಿಡಿಯಲು ಕೊಳವೆಯ ಮೇಲಿರುವ ಫೈಂಡರಿನ ಕೂಡುಗೆರೆಯಲ್ಲಿ ಜೀಟಾ ಕೂತಿತು, ಐಪೀಸಿನಲ್ಲೂ ಬಂತು. ನ್ಯೂಟನ್ ಮಾದರಿಯ ದೂರದರ್ಶಕದಲ್ಲಿ ಬಿಂಬ ತಲೆಕೆಳಗು, ಎಡಬಲವೂ ಅದಲುಬದಲು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಕೊಳವೆ ಸರಿಸಿದೆ. ಒಂದು ನೋಟದಷ್ಟು ಸರಿಸಿದ ಮೇಲೆ ಅಂಚಿನ ಹತ್ತಿರ ಏನೋ ಮಸುಕಾಗಿ ಕಂಡಿತು. ಚುಕ್ಕಿಯಲ್ಲ, ಹರಡಿಕೊಂಡ ಬೆಳಕು. ಎದೆ ಹೊಡೆದುಕೊಂಡಿತು. ಸುಮಾರು ಹತ್ತು ನಿಮಿಷ ಅದನ್ನೇ ನೋಡಿದೆ. ನೋಡಿದಷ್ಟೂ ಅದಕ್ಕೆ ಆಕಾರ ಬಂತು: ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ, ಬದಿಯಲ್ಲಿ ಎಳೆಗಳು. ಫೋಟೊಗಳಲ್ಲಿ ನೋಡಿದ್ದ ಎಳೆಗಳನ್ನೇ ನನ್ನ ಕಣ್ಣು ಅಲ್ಲಿ ನೇಯುತ್ತಿತ್ತು ಎಂಬುದು ಆಗ ತಿಳಿಯಲಿಲ್ಲ. ಚಿತ್ರ ಬರೆದು, ಕೆಳಗೆ "ಎಂ1 ಕಂಡೆ" ಎಂದು ಬರೆದು, ಸಮಯ ಹಾಕಿದೆ.

ಬಹಳ ವರ್ಷಗಳಿಂದ ಆಕಾಶ ನೋಡುತ್ತಿರುವ ಹಿರಿಯರೊಬ್ಬರಿಗೆ ಮರುದಿನ ಆ ಚಿತ್ರ ತೋರಿಸಿದೆ. ಅವರು ಚೆನ್ನಾಗಿದೆ ಎಂದೂ ಹೇಳಲಿಲ್ಲ, ಸರಿಯಿಲ್ಲ ಎಂದೂ ಹೇಳಲಿಲ್ಲ. "ಇದರಲ್ಲಿ ಪಶ್ಚಿಮ ಯಾವ ಕಡೆ?" ಎಂದು ಕೇಳಿದರು. ನಾನು ಗುರುತು ಹಾಕಿರಲಿಲ್ಲ. "ಕೊಳವೆ ಮೆಲ್ಲಗೆ ತಟ್ಟಿದಾಗ ಅದು ನಕ್ಷತ್ರಗಳ ಜೊತೆ ಅಲುಗಾಡಿತಾ?" ತಟ್ಟಿರಲಿಲ್ಲ. "ವರ್ಧನೆ ಹೆಚ್ಚಿಸಿ ನೋಡಿದ್ರಾ?" ಅದೂ ಇಲ್ಲ. "ಹಾಗಾದರೆ ಇನ್ನೊಮ್ಮೆ ಹೋಗಿ ಬನ್ನಿ" ಎಂದರು. ಅವರ ದನಿಯಲ್ಲಿ ಅನುಮಾನವಿರಲಿಲ್ಲ. ತಾವಾಗಿದ್ದರೂ ಇನ್ನೊಮ್ಮೆ ಹೋಗುತ್ತಿದ್ದೆ ಎಂಬ ಧಾಟಿಯಲ್ಲಿ ಹೇಳಿದರು. ಅದಕ್ಕೇ ನಾನೂ ಬೇಸರವಿಲ್ಲದೆ ಹೋದೆ.

ದಿಕ್ಕು ಗುರುತಿಸಲು ಅವರು ಹೇಳಿಕೊಟ್ಟ ಉಪಾಯಕ್ಕೆ ಲೆಕ್ಕವೇ ಬೇಡ. ನಕ್ಷತ್ರವನ್ನು ನೋಟದ ನಡುವೆ ಇಟ್ಟು ಕೈ ಬಿಟ್ಟುಬಿಡಬೇಕು. ಭೂಮಿ ತಿರುಗುತ್ತಿರುವುದರಿಂದ ಅದು ತಾನಾಗಿಯೇ ಜಾರಿ ಹೊರಗೆ ಹೋಗುತ್ತದೆ. ಯಾವ ಅಂಚಿನಿಂದ ಹೋಯಿತೋ ಅದೇ ಪಶ್ಚಿಮ. ಇನ್ನು ಕೊಳವೆಯ ಮೂತಿಯನ್ನು ಧ್ರುವ ನಕ್ಷತ್ರದ ಕಡೆಗೆ ಕೂದಲೆಳೆಯಷ್ಟು ತಳ್ಳಿದರೆ ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಗೆ ಬರುತ್ತವೋ ಅದು ಉತ್ತರ. ವೃಷಭದ ಆ ಭಾಗದಲ್ಲಿ ನಕ್ಷತ್ರವೊಂದು ನನ್ನ ಇಡೀ ನೋಟವನ್ನು ದಾಟಲು ನಾಲ್ಕೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ನಡುವಿನಿಂದ ಅಂಚಿಗೆ ಹೋಗಲು ಅದರ ಅರ್ಧ. ಆ ಎರಡು ನಿಮಿಷ ಕೈಕಟ್ಟಿ ಕಾಯುವುದು ಈಗ ನನಗೆ ಪ್ರತಿ ರಾತ್ರಿಯ ಮೊದಲ ಕೆಲಸ. ಭೂಮಿ ತಿರುಗುವುದನ್ನು ಕಣ್ಣಾರೆ ನೋಡುವ ಎರಡು ನಿಮಿಷ ಅದು.

ಎರಡು ರಾತ್ರಿ ಬಿಟ್ಟು ಹಾಗೆ ಮಾಡಿದಾಗ ಗೊತ್ತಾಯಿತು, ನಾನು ಹೋಗಿದ್ದು ಆಗ್ನೇಯಕ್ಕೆ. ನೇರ ವಿರುದ್ಧ ದಿಕ್ಕು. ಆ ಮಸುಕು ಇನ್ನೂ ಅಲ್ಲೇ ಇತ್ತು. 10 ಮಿಲಿಮೀಟರಿನ ಐಪೀಸ್ ಹಾಕಿ 120 ಪಟ್ಟಿಗೆ ಏರಿಸಿದೆ. ಹರಡಿದ್ದ ಬೆಳಕು ಮೂರು ಸಣ್ಣ ನಕ್ಷತ್ರಗಳಾಗಿ ಬಿಡಿಬಿಡಿಯಾಯಿತು. ಎಳೆಯೂ ಇಲ್ಲ, ಚೂಪೂ ಇಲ್ಲ. ಪುಸ್ತಕ ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದೆ. ಪುಟ ಹರಿಯಬಹುದಿತ್ತು, ಹರಿಯಲಿಲ್ಲ. ಇಲ್ಲದ ಎಳೆಗಳನ್ನು ನನ್ನ ಕಣ್ಣು ಎಷ್ಟು ನಂಬಿಕೆಯಿಂದ ಬರೆದಿತ್ತು ಎಂಬುದಕ್ಕೆ ಆ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಬಳಿ ಬೇರೆ ಇಲ್ಲ.

ಮೋಡ, ಆಮೇಲೆ ಚಂದ್ರ, ಆಮೇಲೆ ಮತ್ತೆ ಮೋಡ. ಆ ಬಿಡುವಿನಲ್ಲಿ ಓದಿದೆ. ಓದುತ್ತ ಹೋದಂತೆ ಈ ನೀಹಾರಿಕೆ ಮೊದಲಿಂದಲೂ ನೋಡುವವರನ್ನು ಪರೀಕ್ಷೆಗೆ ಒಡ್ಡುತ್ತಲೇ ಬಂದಿದೆ ಅನ್ನಿಸಿತು. 1054ರ ಜುಲೈ 4ರಂದು ಚೀನಾದ ಖಗೋಳ ವೀಕ್ಷಕರು ತಿಯಾನ್‌ಗುವಾನ್ ಎಂಬ ನಕ್ಷತ್ರದ ಹತ್ತಿರ ಒಂದು 'ಅತಿಥಿ ನಕ್ಷತ್ರ'ವನ್ನು ಕಂಡರು. ಅದು 23 ದಿನ ಹಗಲಿನಲ್ಲೇ ಕಾಣುತ್ತಿತ್ತು, 1056ರ ಏಪ್ರಿಲ್‌ವರೆಗೂ ರಾತ್ರಿಯ ಆಕಾಶದಲ್ಲಿ ಉಳಿದಿತ್ತು. ಅದು ನಕ್ಷತ್ರವೊಂದರ ಸ್ಫೋಟ. ಅದರ ಅವಶೇಷವೇ ಏಡಿ ನೀಹಾರಿಕೆ. ಈ ತಿಯಾನ್‌ಗುವಾನ್ ಬೇರೆ ಯಾವುದೂ ಅಲ್ಲ, ನಾನು ಕೊಳವೆ ನೆಡುತ್ತಿದ್ದ ಜೀಟಾ ಟೌರಿಯೇ. ದಾಖಲೆ ಆ ಅತಿಥಿಯನ್ನು ತಿಯಾನ್‌ಗುವಾನ್‌ನ ಆಗ್ನೇಯಕ್ಕೆ ಇಡುತ್ತದೆ. ನೀಹಾರಿಕೆ ಇರುವುದು ವಾಯವ್ಯಕ್ಕೆ. ಈ ಹೊಂದದ ದಿಕ್ಕಿನ ಬಗ್ಗೆ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ನಾನೂ ಅದೇ ನಕ್ಷತ್ರದಿಂದ ಅದೇ ಆಗ್ನೇಯಕ್ಕೆ ಹೋಗಿದ್ದವನು. ಅದನ್ನು ಓದಿದ ದಿನ, ಸುಮಾರು ಸಾವಿರ ವರ್ಷಗಳ ಹಿಂದೆ ಆ ಸಾಲನ್ನು ಬರೆದ ಕೈಯ ಬಗ್ಗೆ ಬಹಳ ಹೊತ್ತು ಯೋಚಿಸಿದೆ.

ಚಾರ್ಲ್ಸ್ ಮೆಸ್ಸಿಯೆಯದು ಇನ್ನೊಂದು ಬಗೆ. 1758ರ ಆಗಸ್ಟ್ 28ರಂದು ಅವರು ಒಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ ಗೂಳಿಯ ಕೊಂಬಿನ ಬಳಿ ಇನ್ನೊಂದು ಮಸುಕು ಕಂಡಿತು. ನೋಡಲು ಧೂಮಕೇತುವಿನ ಹಾಗೆಯೇ. ಆದರೆ ಧೂಮಕೇತು ರಾತ್ರಿಯಿಂದ ರಾತ್ರಿಗೆ ನಕ್ಷತ್ರಗಳ ನಡುವೆ ಸರಿಯುತ್ತದೆ, ಇದು ಸರಿಯಲಿಲ್ಲ. ಹೀಗೆ ಮೋಸಹೋಗಬಾರದೆಂದೇ ಅವರು ಪಟ್ಟಿ ಮಾಡತೊಡಗಿದರು. 1781ರ ಹೊತ್ತಿಗೆ ಅದರಲ್ಲಿ 103 ಕಾಯಗಳಿದ್ದವು. ಅವರಿಗಿಂತ ಮುಂಚೆ, 1731ರಲ್ಲೇ, ಇಂಗ್ಲೆಂಡಿನ ವೈದ್ಯ ಜಾನ್ ಬೆವಿಸ್ ಇದನ್ನು ಕಂಡಿದ್ದರು. ಏಡಿ ಎಂಬ ಹೆಸರು ಬಂದದ್ದು ಐರ್ಲೆಂಡಿನ ಖಗೋಳಜ್ಞ ಲಾರ್ಡ್ ರಾಸ್ 36 ಇಂಚಿನ ದೂರದರ್ಶಕದಿಂದ ನೋಡಿ ಬರೆದ ಚಿತ್ರದಿಂದ. 1844ರಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಕಾಲುಗಳಂತೆ ಚಾಚಿದ ಎಳೆಗಳಿವೆ. ಮುಂದೆ 72 ಇಂಚಿನ ದೂರದರ್ಶಕದಿಂದ ನೋಡಿದಾಗ ಆ ಆಕಾರ ಅವರಿಗೆ ಮತ್ತೆ ಸಿಗಲಿಲ್ಲ. ಹೆಸರು ಮಾತ್ರ ಉಳಿಯಿತು. ನನ್ನ ಎಳೆಗಳಿಗೆ ಅವರ ಎಳೆಗಳನ್ನು ಹೋಲಿಸುವ ಧೈರ್ಯ ನನಗಿಲ್ಲ. ಅವರು ನೋಡಿದ್ದು ನೀಹಾರಿಕೆಯನ್ನೇ. ಆದರೆ ಕಂಡದ್ದನ್ನು ಮತ್ತೆ ಹೋಗಿ ನೋಡಬೇಕು ಎಂಬ ಮಾತು ಅವರಂಥವರಿಗೂ ಅನ್ವಯಿಸಿತಲ್ಲ ಎಂದು ಸಮಾಧಾನವಾಯಿತು.

ಜನವರಿಯ ಅಮಾವಾಸ್ಯೆ. ಈ ಸಲ ದಿಕ್ಕು ಸರಿಯಿತ್ತು. ವಾಯವ್ಯದಲ್ಲಿ, ನಕ್ಷೆಯಲ್ಲಿದ್ದ ಸುತ್ತಲಿನ ನಕ್ಷತ್ರಗಳೆಲ್ಲ ತಾಳೆಯಾದವು. ಅವುಗಳ ನಡುವೆ ಎಂ1 ಇರಬೇಕಾದ ಜಾಗ ಖಾಲಿ. ಗಾಳಿಯಲ್ಲಿ ತೆಳುವಾದ ಮಬ್ಬಿತ್ತು, ಜೊತೆಗೆ ನಕ್ಷೆ ನೋಡಲು ನಾನು ಮತ್ತೆ ಮತ್ತೆ ಮೊಬೈಲ್ ತೆರೆಯುತ್ತಿದ್ದೆ. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಕಡಿಮೆ ಬೆಳಕಿನಲ್ಲಿ ನೋಡುವ ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಕತ್ತಲೆಯಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತದೆ, ಬಿಳಿ ಬೆಳಕು ಬಿದ್ದರೆ ಕ್ಷಣದಲ್ಲಿ ಖಾಲಿಯಾಗುತ್ತದೆ. ನಾನು ತುಂಬಿಸಿ ತುಂಬಿಸಿ ಚೆಲ್ಲುತ್ತಿದ್ದೆ. ಆ ರಾತ್ರಿ ಪುಸ್ತಕದಲ್ಲಿ "ಜಾಗ ಸಿಕ್ಕಿತು, ಕಾಣಲಿಲ್ಲ" ಎಂದು ಬರೆದೆ. ಮೊದಲ ರಾತ್ರಿಯ ಹಿಗ್ಗಿಗಿಂತ ಈ ಸಾಲಿನ ಬಗ್ಗೆ ನನಗೆ ಹೆಚ್ಚು ಹೆಮ್ಮೆಯಿದೆ. ಅದರಲ್ಲಿರುವುದು ನಿಜ.

ಫೆಬ್ರುವರಿಯಲ್ಲಿ ತಂಗಿಯೂ ಜೊತೆಗೆ ಬಂದಳು. ಸಂಜೆ ಕಪ್ಪಾಗುವ ಹೊತ್ತಿಗೆ ವೃಷಭ ಆಗಲೇ ಎತ್ತರದಲ್ಲಿತ್ತು. ಡಿಸೆಂಬರ್‌ನಲ್ಲಿ ನಾನು ಅವಸರಪಟ್ಟು ಅದು ಪೂರ್ವದಲ್ಲಿ ಇನ್ನೂ ಕೆಳಗಿರುವಾಗಲೇ ನೋಡಿದ್ದೆ. ಎತ್ತರದಲ್ಲಿರುವಾಗ ಬೆಳಕು ಕಡಿಮೆ ಗಾಳಿಯನ್ನು ಹಾದು ಬರುತ್ತದೆ. ದೂರದರ್ಶಕವನ್ನು ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣಿಯಲು ಬಿಟ್ಟೆವು. ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಂಡು, ತಲೆಕೆಳಗಾಗಿಸಿ ಹಿಡಿದು, ಮಂದವಾದ ಕೆಂಪು ಟಾರ್ಚಿನಲ್ಲಿ ನೋಡಿದೆವು. ಮೊಬೈಲ್ ಚೀಲದ ತಳ ಸೇರಿತು.

ಜೀಟಾ, ಎರಡು ನಿಮಿಷದ ಕಾಯುವಿಕೆ, ಪಶ್ಚಿಮ, ಉತ್ತರ, ಆಮೇಲೆ ವಾಯವ್ಯ. ಮೊದಲು ಏನೂ ಇಲ್ಲ. ಆಗ ಓರೆನೋಟ. ಕಣ್ಣಿನ ನಟ್ಟನಡುವೆ, ಅಕ್ಷರ ಓದುವ ಜಾಗದಲ್ಲಿ, ದಂಡಕೋಶಗಳಿಲ್ಲ. ಅವು ಸುತ್ತಲೂ ಒತ್ತಾಗಿವೆ. ಹಾಗಾಗಿ ಮಸುಕಾದದ್ದನ್ನು ನೇರ ನೋಡಿದರೆ ಅದು ಮಾಯ, ಪಕ್ಕಕ್ಕೆ ನೋಡಿದರೆ ಹಾಜರ್. ಯಾವ ಪಕ್ಕಕ್ಕೆ ಎಂಬುದೂ ಮುಖ್ಯ. ಬಲಗಣ್ಣಿನಿಂದ ನೋಡುತ್ತಿದ್ದರೆ ದೃಷ್ಟಿಯನ್ನು ಕಾಯದ ಬಲಕ್ಕೆ ನೆಡಬೇಕು, ಆಗ ಅದರ ಬಿಂಬ ಮೂಗಿನ ಕಡೆಯ ನೋಟದಲ್ಲಿ ಬೀಳುತ್ತದೆ. ಎಡಕ್ಕೆ ನೆಟ್ಟರೆ ಅದು ಕಣ್ಣಿನ ಕುರುಡುಚುಕ್ಕಿಯಲ್ಲಿ ಸಿಕ್ಕಿಕೊಳ್ಳಬಹುದು. ನಾನು ನೋಟದ ಬಲ ಅಂಚಿನ ಒಂದು ನಕ್ಷತ್ರಕ್ಕೆ ದೃಷ್ಟಿ ಕೊಟ್ಟು, ಮನಸ್ಸನ್ನು ಮಾತ್ರ ನಡುವೆ ಇಟ್ಟೆ. ಉಸಿರು ಐಪೀಸಿಗೆ ತಾಗದಂತೆ ಮುಖ ಓರೆ ಮಾಡಿಕೊಂಡೆ.

ಬಂತು. ಬೂದು ಬಣ್ಣದ, ಅಂಚಿಲ್ಲದ, ತುಸು ಉದ್ದನೆಯ ಒಂದು ಹೊಗೆ. ನೋಟದ ಅಗಲದ ಹತ್ತರಲ್ಲೊಂದು ಭಾಗದಷ್ಟು. ನೇರ ನೋಡಿದರೆ ಹೋಯಿತು, ಓರೆಯಲ್ಲಿ ಮತ್ತೆ ಬಂತು. ನನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಬೆರಳಿನಿಂದ ಕೊಳವೆಯನ್ನು ಮೆಲ್ಲಗೆ ತಟ್ಟಿದೆ. ನಕ್ಷತ್ರಗಳು ನಡುಗಿದವು, ಅವುಗಳ ಜೊತೆಗೇ ಹೊಗೆಯೂ ನಡುಗಿತು. ಐಪೀಸಿನ ಮೇಲಿನ ಉಗಿಯಾಗಿದ್ದರೆ ಹಾಗೆ ಆಗುತ್ತಿರಲಿಲ್ಲ. ಅಲುಗಾಟದಲ್ಲಿ ಅದು ಇನ್ನೂ ಚೆನ್ನಾಗಿ ಕಂಡಿತು. ಕಣ್ಣಿನ ಅಂಚು ನಿಂತದ್ದಕ್ಕಿಂತ ಚಲಿಸುವುದನ್ನು ಬೇಗ ಹಿಡಿಯುತ್ತದೆ. 120 ಪಟ್ಟಿಗೆ ಏರಿಸಿದೆ. ಚುಕ್ಕಿಗಳಾಗಿ ಒಡೆಯಲಿಲ್ಲ. ದೊಡ್ಡದಾಯಿತು, ಮಸುಕಾಯಿತು, ಹೊಗೆಯಾಗಿಯೇ ಉಳಿಯಿತು.

ಆಗಲೂ ಬಾಯಿ ಬಿಡಲಿಲ್ಲ. 48 ಪಟ್ಟಿಗೆ ಇಳಿಸಿ, ನೀಹಾರಿಕೆಯನ್ನು ಬೇಕೆಂದೇ ನಡುವಿನಿಂದ ಪಕ್ಕಕ್ಕೆ ಸರಿಸಿ, ತಂಗಿಯನ್ನು ಕರೆದೆ. ಎಲ್ಲಿದೆ, ಎಷ್ಟಿದೆ, ಹೇಗಿದೆ ಯಾವುದನ್ನೂ ಹೇಳಲಿಲ್ಲ. ಓರೆಯಾಗಿ ನೋಡುವುದು ಹೇಗೆ ಎಂದು ಮಾತ್ರ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

"ಅಣ್ಣಾ, ನಕ್ಷತ್ರ ಬಿಟ್ಟು ಬೇರೆ ಏನಾದರೂ ಇರಬೇಕಾ?"

"ಕಂಡದ್ದನ್ನು ಹೇಳು."

"ಬಲಗಡೆ ಕೆಳಗೆ ಏನೋ ಒರೆಸಿದ ಹಾಗಿದೆ. ಹೋಗುತ್ತೆ, ಬರುತ್ತೆ."

ಅದು ಬಲಗಡೆ ಕೆಳಗೇ ಇತ್ತು. ಕತ್ತಲೆಯಲ್ಲಿ ನನ್ನ ಕಣ್ಣು ತುಂಬಿ ಬಂದದ್ದು ಅವಳಿಗೆ ಕಾಣಲಿಲ್ಲ. ಆ ಹೊಗೆ ಸುಮಾರು 6500 ಜ್ಯೋತಿರ್ವರ್ಷ ದೂರದಲ್ಲಿದೆ. 1054ರಲ್ಲಿ ಭೂಮಿಗೆ ಸ್ಫೋಟದ ಬೆಳಕು ತಲುಪಿದಾಗಲೇ ಆ ಸ್ಫೋಟ ಸಾವಿರಾರು ವರ್ಷ ಹಳತಾಗಿತ್ತು. ಸೆಕೆಂಡಿಗೆ ಸುಮಾರು 1500 ಕಿಲೋಮೀಟರ್ ವೇಗದಲ್ಲಿ ಅದು ಇನ್ನೂ ಹರಡುತ್ತಲೇ ಇದೆ. ಅದರ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ಅಗಲದ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ನಕ್ಷತ್ರದ ಕುಸಿದ ತಿರುಳು, ಸೆಕೆಂಡಿಗೆ ಮೂವತ್ತು ಸಲ ಗಿರಗಿರನೆ ತಿರುಗುತ್ತಿದೆ. ಪಲ್ಸಾರ್ ಎಂದು ಕರೆಯುವ ಈ ತಿರುಗುವ ನಕ್ಷತ್ರ 1968ರಲ್ಲಿ ಪತ್ತೆಯಾಯಿತು. ನನ್ನ ದೂರದರ್ಶಕಕ್ಕೆ ಅದು ಎಟುಕದು. ಆದರೆ ನಾನು ಕಂಡ ಬೂದು ಬೆಳಕಿಗೆ ಶಕ್ತಿ ಕೊಡುತ್ತಿರುವುದು ಅದೇ.

ಇದನ್ನು ನಾನು ಬರಿ ಓದಿ ನಂಬಲಿಲ್ಲ, ಒಂದು ಬಗೆಯಲ್ಲಿ ಕಣ್ಣಿಗೇ ತಟ್ಟಿತು. ಮುಂದಿನ ರಾತ್ರಿ ಆ ಹಿರಿಯರು ತಮ್ಮ ಆಕ್ಸಿಜನ್ ಫಿಲ್ಟರ್ ಕೊಟ್ಟಿದ್ದರು. ಎರಡು ಸಲ ಅಯಾನೀಕೃತವಾದ, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ, ಆಮ್ಲಜನಕ ಸೂಸುವ ಹಸಿರು ಬೆಳಕನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವ ಗಾಜು ಅದು. ಮಹಾವ್ಯಾಧನ ನೀಹಾರಿಕೆಯ ಮೇಲೆ ಹಿಡಿದರೆ ಆಕಾಶ ಕಪ್ಪಾಗಿ ಅನಿಲದ ರೆಕ್ಕೆಗಳು ಎದ್ದು ಕಂಡವು. ಅದೇ ಆಸೆಯಿಂದ ಎಂ1ಕ್ಕೆ ಹಿಡಿದೆ. ಆಕಾಶದ ಜೊತೆ ನೀಹಾರಿಕೆಯೂ ಮಂಕಾಯಿತು. ಫಿಲ್ಟರ್ ಕೆಟ್ಟಿದೆಯೇನೋ ಅಂದುಕೊಂಡೆ. ಕೆಟ್ಟಿರಲಿಲ್ಲ. ಏಡಿ ನೀಹಾರಿಕೆಯ ಒಳಗಿನ ನಯವಾದ ಬೆಳಕು ಅನಿಲ ಹೊಳೆಯುವುದರಿಂದ ಬಂದದ್ದಲ್ಲ. ಪಲ್ಸಾರ್ ಉಗುಳಿದ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಕಾಂತಕ್ಷೇತ್ರದ ಗೆರೆಗಳನ್ನು ಸುತ್ತುವಾಗ ಹೊಮ್ಮುವ ಸಿಂಕ್ರೊಟ್ರಾನ್ ಬೆಳಕು ಅದು. ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಫಿಲ್ಟರ್ ಒಂದು ಬಣ್ಣ ಬಿಟ್ಟು ಮಿಕ್ಕದ್ದನ್ನು ಕತ್ತರಿಸಿದರೆ ನೀಹಾರಿಕೆಯೂ ಕತ್ತರಿಸಿಹೋಗುತ್ತದೆ. ಅಂಚಿನ ಎಳೆಗಳು ಮಾತ್ರ ಅನಿಲದವು, ಅವಕ್ಕೆ ನನ್ನದಕ್ಕಿಂತ ದೊಡ್ಡ ಕನ್ನಡಿ ಬೇಕು. ಎರಡು ನೀಹಾರಿಕೆ, ಒಂದೇ ಗಾಜು, ಎರಡು ಉತ್ತರ. ಹುಟ್ಟಿನ ಬೆಳಕಿಗೂ ಸಾವಿನ ಬೆಳಕಿಗೂ ಇರುವ ವ್ಯತ್ಯಾಸವನ್ನು ಒಂದು ಗಾಜಿನ ಚೂರು ತೋರಿಸಿಕೊಟ್ಟಿತು. ಆ ರಾತ್ರಿ ಬಹಳ ಹೊತ್ತು ಅದನ್ನು ಹಾಕುತ್ತ ತೆಗೆಯುತ್ತ ಕೂತಿದ್ದೆ.

ಚಿತ್ರದ ವಿಷಯ ಹೇಳಬೇಕು. ತಂಗಿಯೂ ನಾನೂ ಒಬ್ಬರದನ್ನು ಒಬ್ಬರು ನೋಡದೆ ಬರೆದೆವು. ಇಬ್ಬರೂ ಪಶ್ಚಿಮಕ್ಕೆ ಬಾಣದ ಗುರುತು ಹಾಕಿದ್ದೆವು. ಬೆಳಿಗ್ಗೆ ಪಕ್ಕಪಕ್ಕ ಇಟ್ಟಾಗ ಜಾಗ ಒಂದೇ, ಉದ್ದನೆಯ ವಾಲು ಒಂದೇ. ಅವಳ ಹೊಗೆ ನನ್ನದಕ್ಕಿಂತ ಸಣ್ಣದು. ನಾನು ಒಂದು ಬದಿ ಸ್ವಲ್ಪ ತಗ್ಗಿದಂತೆ ಬರೆದಿದ್ದೆ, ಅವಳದರಲ್ಲಿ ತಗ್ಗು ಇರಲಿಲ್ಲ. ನನ್ನದರ ಪಕ್ಕದಲ್ಲಿ "ಖಚಿತವಿಲ್ಲ" ಎಂದು ಬರೆದೆ. ಅವಳ ಚಿತ್ರದಲ್ಲಿ ಹೊಗೆಯ ಅಂಚಿಗೆ ಒಂದು ಪುಟ್ಟ ಚುಕ್ಕಿ ಇತ್ತು, ನನ್ನದರಲ್ಲಿ ಇರಲಿಲ್ಲ. ನಕ್ಷತ್ರವಾ, ಪೆನ್ಸಿಲ್ ತಾಗಿದ್ದಾ ಎಂದು ಕೇಳಿದೆ. "ಅಲ್ಲೊಂದು ನಕ್ಷತ್ರ ಇತ್ತಣ್ಣ, ನೀನು ನೋಡಲಿಲ್ವಾ?" ಎಂದಳು.

ಮೂರು ರಾತ್ರಿ ಬಿಟ್ಟು ಮತ್ತೆ ಹೋದೆ. 48 ಪಟ್ಟಿನಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ. 120ಕ್ಕೆ ಏರಿಸಿ, ಬಲ ಅಂಚಿಗೆ ದೃಷ್ಟಿ ನೆಟ್ಟು, ಕಾಲು ಗಂಟೆ ಕಾದೆ. ಹೊಗೆಯ ಬದಿಯಲ್ಲಿ, ಅವಳು ಇಟ್ಟ ಜಾಗದಲ್ಲೇ, ಸೂಜಿಮೊನೆಯಷ್ಟು ಬೆಳಕು ಮಿನುಗಿ ಹೋಯಿತು. ಮತ್ತೆ ಬಂತು. ಮೂರನೆಯ ಸಲ ಬಂದ ಮೇಲೆ ಕೆಂಪು ಟಾರ್ಚ್ ಹಚ್ಚಿ ನನ್ನ ಚಿತ್ರದಲ್ಲಿ ಆ ಚುಕ್ಕಿ ಇಟ್ಟೆ. ಪಕ್ಕದಲ್ಲಿ ತಂಗಿಯ ಹೆಸರು ಬರೆದೆ.